ಓದುಗರ ಪ್ರಶ್ನೆ: ಸೂರ್ಯನ ನೆರೆಯ ನಕ್ಷತ್ರಗಳು

ಪ್ರಶ್ನೆ: ಮೇ ತಿಂಗಳ ರಾತ್ರಿ ನಮ್ಮ ಮನೆಯ ಹಿಂದಿನ ಪದವಿನಲ್ಲಿ ನಿಂತರೆ ದಕ್ಷಿಣ ದಿಕ್ಕಿನಲ್ಲಿ, ತುಂಬ ಕೆಳಗೆ, ಎರಡು ಹೊಳೆಯುವ ನಕ್ಷತ್ರಗಳು ಜೊತೆಯಾಗಿ ಕಾಣುತ್ತವೆ. ಅವುಗಳಲ್ಲೊಂದು ನಮಗೆ ಅತ್ಯಂತ ಹತ್ತಿರದ ನಕ್ಷತ್ರವೆಂದು ನಿವೃತ್ತ ಅಧ್ಯಾಪಕರೊಬ್ಬರು ಹೇಳುತ್ತಾರೆ. ಮಗಳ ಪುಸ್ತಕದಲ್ಲಿ ಪ್ರಾಕ್ಸಿಮಾ ಸೆಂಟಾರಿ ಎಂದಿದೆ. ಯಾವುದು ಸರಿ?
– ಓದುಗರೊಬ್ಬರು, ಪೆರ್ಲ, ಕಾಸರಗೋಡು ಜಿಲ್ಲೆ

ಉತ್ತರ: ಸೂರ್ಯನನ್ನು ಬಿಟ್ಟರೆ ಪ್ರಾಕ್ಸಿಮಾವೇ ಅತ್ಯಂತ ಹತ್ತಿರದ್ದು, ಹಾಗೆಂದು ಅಧ್ಯಾಪಕರ ಮಾತನ್ನು ತಳ್ಳಿಹಾಕುವಂತಿಲ್ಲ. ನೀವು ನೋಡುವ ಜೋಡಿಯಲ್ಲಿ ಎಡಗಡೆಯದು, ಅಂದರೆ ಪೂರ್ವದ ಕಡೆಯ ಹೆಚ್ಚು ಪ್ರಕಾಶಮಾನವಾದುದು, ಆಲ್ಫಾ ಸೆಂಟಾರಿ. ಬಲಗಡೆಯ ಬೀಟಾ ಸೆಂಟಾರಿ ಅದರ ಪಕ್ಕದಲ್ಲಿರುವಂತೆ ತೋರಿದರೂ ಸುಮಾರು 390 ಜ್ಯೋತಿರ್ವರ್ಷಗಳಷ್ಟು ಆಚೆಗಿದೆ (ಬೆಳಕು ಒಂದು ವರ್ಷದಲ್ಲಿ ಕ್ರಮಿಸುವ ದೂರವೇ ಒಂದು ಜ್ಯೋತಿರ್ವರ್ಷ). ಆಲ್ಫಾ ಕೂಡ ಒಂಟಿಯಲ್ಲ: ಸುಮಾರು 80 ವರ್ಷಗಳಿಗೊಮ್ಮೆ ಪರಸ್ಪರ ಸುತ್ತುವ, ನಮ್ಮಿಂದ 4.3 ಜ್ಯೋತಿರ್ವರ್ಷಗಳಿಗೂ ಸ್ವಲ್ಪ ಹೆಚ್ಚು ದೂರದಲ್ಲಿರುವ ಎರಡು ನಕ್ಷತ್ರಗಳು ಬರಿಗಣ್ಣಿಗೆ ಒಂದಾಗಿ ಕಾಣುತ್ತವೆ. ಅದು ಜೋಡಿಯೆಂಬುದನ್ನು 1689ರಲ್ಲಿ ಪುದುಚೇರಿಯಲ್ಲಿ ಧೂಮಕೇತುವೊಂದನ್ನು ದೂರದರ್ಶಕದಿಂದ ವೀಕ್ಷಿಸುತ್ತಿದ್ದ ಫ್ರೆಂಚ್ ಪಾದ್ರಿ ಜಾನ್ ರಿಶೋ ಗುರುತಿಸಿದರು. ನಮ್ಮ ಪಠ್ಯಪುಸ್ತಕಗಳು ಈ ಸಂಗತಿಗೆ ಒಂದು ಸಾಲನ್ನಾದರೂ ಕೊಡಬಹುದಿತ್ತು.

ಈ ಜೋಡಿಯಿಂದ ಬಹಳ ದೂರದಲ್ಲಿದ್ದುಕೊಂಡು ಅದನ್ನೇ ಸುತ್ತುತ್ತಿರುವ ಮೂರನೆಯ ನಕ್ಷತ್ರವೇ ಪ್ರಾಕ್ಸಿಮಾ. ನಮ್ಮಿಂದ ಅದರ ದೂರ 4.24 ಜ್ಯೋತಿರ್ವರ್ಷ, ಅಂದರೆ ಸುಮಾರು 40 ಲಕ್ಷ ಕೋಟಿ ಕಿಲೋಮೀಟರ್. 1915ರಲ್ಲಿ ಜೋಹಾನ್ಸ್‌ಬರ್ಗಿನ ವೀಕ್ಷಣಾಲಯದಲ್ಲಿ ರಾಬರ್ಟ್ ಇನ್ನೆಸ್ ಅದನ್ನು ಪತ್ತೆಹಚ್ಚುವವರೆಗೆ ಯಾರಿಗೂ ತಿಳಿಯದೆ ಉಳಿದದ್ದಕ್ಕೆ ಕಾರಣ ಅದರ ಮಂಕುತನ. ಅದೊಂದು ಕೆಂಪು ಕುಬ್ಜ. ಅದರ ದ್ರವ್ಯರಾಶಿ ಸೂರ್ಯನದರ ಎಂಟರಲ್ಲೊಂದು ಪಾಲಿನಷ್ಟು, ಹೊರಸೂಸುವ ಶಕ್ತಿಯಾದರೋ 500ರಲ್ಲೊಂದು ಪಾಲಿಗೂ ಕಡಿಮೆ, ಅದರಲ್ಲಿಯೂ ಬಹುಭಾಗ ಕಣ್ಣಿಗೆ ಕಾಣದ ಅವಕೆಂಪು ಕಿರಣ. ಬರಿಗಣ್ಣಿಗೆ ಎಟಕುವ ಅತ್ಯಂತ ಮಂದ ನಕ್ಷತ್ರಕ್ಕಿಂತಲೂ ಅದು ನೂರು ಪಟ್ಟು ಮಂಕಾಗಿದೆ.

ಹೊಳಪನ್ನು ನೋಡಿ ಸಾಮೀಪ್ಯವನ್ನು ಊಹಿಸುವುದು ಆದ್ದರಿಂದಲೇ ತಪ್ಪುದಾರಿ. 5.96 ಜ್ಯೋತಿರ್ವರ್ಷ ದೂರದ ಬರ್ನಾರ್ಡ್ ನಕ್ಷತ್ರವಾಗಲಿ, 2013ರಲ್ಲಷ್ಟೇ ಬೆಳಕಿಗೆ ಬಂದ ಲೂಮನ್ 16 ಎಂಬ ಕಂದು ಕುಬ್ಜಗಳ (ನಕ್ಷತ್ರವಾಗುವಷ್ಟು ದ್ರವ್ಯರಾಶಿ ಇಲ್ಲದ ಕಾಯಗಳ) ಜೋಡಿಯಾಗಲಿ, ವುಲ್ಫ್ 359 ಆಗಲಿ ಬರಿಗಣ್ಣಿಗೆ ಕಾಣುವುದಿಲ್ಲ. ಆಲ್ಫಾ ಸೆಂಟಾರಿಯ ಬಳಿಕ ನಮ್ಮ ಕಣ್ಣಿಗೆ ಸಿಗುವ ನೆರೆಯ ನಕ್ಷತ್ರವೆಂದರೆ 8.6 ಜ್ಯೋತಿರ್ವರ್ಷ ದೂರದ ಲುಬ್ಧಕವೇ.

ನಿಮ್ಮ ಊರಿನಿಂದ ಆಲ್ಫಾ ಸೆಂಟಾರಿ ದಿಗಂತದಿಂದ 16–17 ಡಿಗ್ರಿಗಿಂತ ಮೇಲೇರದು. ಅಡಕೆ ತೋಟದೊಳಗೆ ನಿಂತರೆ ಕಾಣುವ ಆಸೆ ಇಡಬೇಡಿ. ಮೇ ನಡುವಿನಲ್ಲಿ ರಾತ್ರಿ ಹನ್ನೊಂದೂವರೆಯ ಸುಮಾರಿಗೆ ಅದು ಅತ್ಯಂತ ಎತ್ತರದಲ್ಲಿರುತ್ತದೆ. ಜೂನ್ ನಡುವಿನಲ್ಲಿ ಒಂಬತ್ತೂವರೆಗೇ ಅಲ್ಲಿಗೆ ಬರುವುದಾದರೂ ಅಷ್ಟರಲ್ಲಿ ಮಳೆಗಾಲ ಹಿಡಿದಿರುತ್ತದೆ. ಮಕ್ಕಳಿಗೆ ತೋರಿಸುವ ಮನಸ್ಸಿದ್ದರೆ ಮೋಡ ಕವಿಯುವ ಮೊದಲೇ, ಪೊಸಡಿಗುಂಪೆಯಂತಹ ತೆರೆದ ಎತ್ತರದ ಜಾಗಕ್ಕೆ ಕರೆದೊಯ್ಯುವುದು ಲೇಸು.

ಪ್ರಶ್ನೆ: ಅಷ್ಟು ದೂರವನ್ನು ಅಳೆದದ್ದು ಹೇಗೆ?
– ವಿದ್ಯಾರ್ಥಿನಿ, ಹೊಸೂರು, ತಮಿಳುನಾಡು

ಉತ್ತರ: ಭೂಮಿ ಸೂರ್ಯನನ್ನು ಸುತ್ತುವಾಗ ಆರು ತಿಂಗಳ ಅಂತರದಲ್ಲಿ ನಾವು ನೋಡುವ ಜಾಗ ಸುಮಾರು 30 ಕೋಟಿ ಕಿಲೋಮೀಟರ್ ಬದಲಾಗುವುದರಿಂದ, ಹತ್ತಿರದ ನಕ್ಷತ್ರವು ದೂರದ ನಕ್ಷತ್ರಗಳ ಹಿನ್ನೆಲೆಯಲ್ಲಿ ತುಸು ಸರಿದಂತೆ ಕಾಣುತ್ತದೆ. ಆ ಸರಿತದ ಅರ್ಧ ಕೋನಕ್ಕೆ ಪ್ಯಾರಲಾಕ್ಸ್ ಎಂದು ಹೆಸರು. ಪ್ರಾಕ್ಸಿಮಾದ ಮಟ್ಟಿಗೆ ಅದು 0.768 ಆರ್ಕ್‌ಸೆಕೆಂಡ್ (ಒಂದು ಡಿಗ್ರಿಯ 3600ರಲ್ಲೊಂದು ಪಾಲೇ ಒಂದು ಆರ್ಕ್‌ಸೆಕೆಂಡ್): ಎರಡು ಸೆಂಟಿಮೀಟರ್ ಅಗಲದ ನಾಣ್ಯವನ್ನು ಐದು ಕಿಲೋಮೀಟರಿಗೂ ತುಸು ಹೆಚ್ಚು ದೂರದಿಂದ ನೋಡಿದಷ್ಟು ಸಣ್ಣ ಕೋನ. ಖಗೋಳಜ್ಞ ಥಾಮಸ್ ಹೆಂಡರ್ಸನ್ 1832–33ರಲ್ಲಿ ದಕ್ಷಿಣ ಆಫ್ರಿಕಾದ ಕೇಪ್‌ನಲ್ಲಿ ಆಲ್ಫಾ ಸೆಂಟಾರಿಯ ಅಳತೆಗಳನ್ನು ತೆಗೆದಿದ್ದರೂ ಪ್ರಕಟಿಸಿದ್ದು 1839ರಲ್ಲಿ. ಅಷ್ಟರೊಳಗೆ, 1838ರಲ್ಲಿ, ಜರ್ಮನ್ ಖಗೋಳಜ್ಞ ಬೆಸೆಲ್ ಬೇರೊಂದು ನಕ್ಷತ್ರದ ದೂರವನ್ನು ಪ್ರಕಟಿಸಿ ಮೊದಲಿಗರೆನಿಸಿಕೊಂಡರು. 3.26ನ್ನು ಆರ್ಕ್‌ಸೆಕೆಂಡ್‌ನಲ್ಲಿರುವ ಪ್ಯಾರಲಾಕ್ಸ್‌ನಿಂದ ಭಾಗಿಸಿದರೆ ದೂರ ಜ್ಯೋತಿರ್ವರ್ಷಗಳಲ್ಲಿ ಸಿಗುತ್ತದೆ, ಮೇಲಿನ 0.768ನ್ನು ಇಟ್ಟುಕೊಂಡು ನೀವೇ ಲೆಕ್ಕ ಹಾಕಿ ನೋಡಬಹುದು.