ಓದುಗರ ಪ್ರಶ್ನೆ: ಬೆಬೆಲ್ ಜಿಲ್ಬರ್ಟೊ ಹೊರನಾಡಿಗೆ ಹೋದದ್ದೇಕೆ?

ಪ್ರಶ್ನೆ: ಬ್ರೆಜಿಲಿನ ಗಾಯಕಿ ಬೆಬೆಲ್ ಜಿಲ್ಬರ್ಟೊ ಅವರ ಹಾಡುಗಳನ್ನು ಈಚೆಗೆ ಕೇಳತೊಡಗಿದ್ದೇನೆ. ಅವರ ತಂದೆ, ತಾಯಿ, ಸೋದರಮಾವ ಎಲ್ಲರೂ ಹೆಸರಾಂತ ಸಂಗೀತಗಾರರೆಂದು ಓದಿದೆ. ಅಂಥ ಮನೆಯಲ್ಲಿ ಹುಟ್ಟಿಯೂ ಹೆಸರು ಮಾಡಲು ಅವರು ಹೊರನಾಡಿಗೆ ಏಕೆ ಹೋಗಬೇಕಾಯಿತು? ಪೋರ್ಚುಗೀಸ್ ತಿಳಿಯದ ಸಭಿಕರು ಅವರ ಹಾಡಿನಲ್ಲಿ ಏನನ್ನು ಕೇಳುತ್ತಾರೆ?
— ಓದುಗರೊಬ್ಬರು, ಮೈಸೂರು

ಉತ್ತರ: ‘ಹೋಗಬೇಕಾಯಿತು’ ಎಂಬ ನಿಮ್ಮ ಮಾತನ್ನು ಮೊದಲು ಸ್ವಲ್ಪ ತಿದ್ದಬೇಕಾಗುತ್ತದೆ, ಏಕೆಂದರೆ ಬೆಬೆಲ್ ಹುಟ್ಟಿದ್ದೇ ನ್ಯೂಯಾರ್ಕಿನಲ್ಲಿ, 1966ರ ಮೇ ತಿಂಗಳಲ್ಲಿ. ಅವರ ತಂದೆ ಜೊವಾವ್ ಜಿಲ್ಬರ್ಟೊ 1962ರ ನವೆಂಬರ್ 21ರಂದು ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನಲ್ಲಿ ನಡೆದ ಬೋಸ ನೋವ (ಬ್ರೆಜಿಲಿನ ಸಾಂಬ ಕುಣಿತದ ಲಯವನ್ನು ಮೆಲುದನಿಗೆ ಒಗ್ಗಿಸಿದ ಸಂಗೀತಶೈಲಿ) ಕಛೇರಿಯಲ್ಲಿ ಹಾಡಲು ಅಮೆರಿಕಕ್ಕೆ ಹೋದವರು, ಆ ದಶಕದ ಹೆಚ್ಚಿನ ಕಾಲವನ್ನು ಅಲ್ಲಿಯೇ ಕಳೆದರು. ಮರುವರ್ಷ ಸ್ಯಾಕ್ಸೊಫೋನ್ ವಾದಕ ಸ್ಟ್ಯಾನ್ ಗೆಟ್ಸ್ ಅವರೊಡನೆ ಜೊವಾವ್ ಧ್ವನಿಮುದ್ರಿಸಿದ ಆಲ್ಬಮ್ಮಿಗೆ 1965ರಲ್ಲಿ ವರ್ಷದ ಆಲ್ಬಮ್ ಎಂಬ ಗ್ರ್ಯಾಮಿ ಪ್ರಶಸ್ತಿ ಬಂದಿತು. ಅದರಲ್ಲಿನ, ರಿಯೊ ಡಿ ಜನೈರೊದ ಕಡಲತೀರವಾದ ಇಪನೇಮದ ಹುಡುಗಿಯ ಕುರಿತ ಹಾಡು ಜೊವಾವ್ ಅವರ ಮೊದಲ ಪತ್ನಿ ಆಸ್ಟ್ರುಡ್ ಅವರ ಕಂಠದಲ್ಲಿ ಊರೂರು ಸುತ್ತಿತು. ಬೆಬೆಲ್ ಕಣ್ಣು ಬಿಡುವ ಹೊತ್ತಿಗೆ ಆ ಮನೆಯ ಸಂಗೀತ ಆಗಲೇ ಸಮುದ್ರ ದಾಟಿಯಾಗಿತ್ತು.

ತಾಯಿ ಮಿಯೂಶ ಕೂಡ ಗಾಯಕಿ. ಸೋದರಮಾವ ಶಿಕೊ ಬುವಾರ್ಕೆ ಬ್ರೆಜಿಲಿನ ಅಗ್ರಗಣ್ಯ ಗೀತಕಾರರಲ್ಲೊಬ್ಬರು. ತಾಯಿಯ ತಂದೆ ಸೆರ್ಜಿಯೊ ಬುವಾರ್ಕೆ ಡಿ ಹೊಲಾಂಡ ಇತಿಹಾಸಕಾರರು. 1977ರಲ್ಲಿ ಶಿಕೊ ಮಕ್ಕಳಿಗಾಗಿ ಸಂಗೀತ ನಾಟಕವೊಂದರ ಹಾಡುಗಳನ್ನು ಧ್ವನಿಮುದ್ರಿಸಿದಾಗ ತಾಯಿ ಕೋಳಿಯ ಪಾತ್ರಕ್ಕೆ ಹಾಡಿದರೆ ಮಗಳು ಮಕ್ಕಳ ಮೇಳದಲ್ಲಿ ದನಿಗೂಡಿಸಿದಳು. ಮನೆಯವರು ಒಟ್ಟಿಗೆ ಕೂತು ಮಾಡುವ ಕೆಲಸವೇ ಹಾಡುಗಾರಿಕೆ ಎಂಬುದನ್ನು ಆ ಹುಡುಗಿ ಹನ್ನೊಂದರ ಪ್ರಾಯದೊಳಗೇ ಕಂಡಿದ್ದಳು. 1986ರಲ್ಲಿ, ತಾವು ಬೆಳೆದ ಬ್ರೆಜಿಲಿನಲ್ಲಿಯೇ, ಬೆಬೆಲ್ ಅವರ ಮೊದಲ ಕಿರು ಧ್ವನಿಮುದ್ರಿಕೆ ಬಂದಿತು. 1991ರಲ್ಲಿ ಅವರು ನ್ಯೂಯಾರ್ಕಿಗೆ ಮರಳಿದರು. ಮೊದಲ ಪೂರ್ಣ ಆಲ್ಬಮ್ ‘ತಾಂತು ತೆಂಪು’ ಬಂದದ್ದು 2000ದಲ್ಲಿ, ಅವರ ಮೂವತ್ತನಾಲ್ಕನೆಯ ವಯಸ್ಸಿನಲ್ಲಿ. ಅಂಥ ಮನೆತನದ ಹೆಸರಿದ್ದೂ ಅವರು ಅಷ್ಟು ವರ್ಷ ಕಾದದ್ದನ್ನು ನಾನು ಬಹಳ ಗೌರವದಿಂದ ಕಾಣುತ್ತೇನೆ.

ಇನ್ನು, ಭಾಷೆ ತಿಳಿಯದವರು ಏನನ್ನು ಕೇಳುತ್ತಾರೆ ಎಂಬ ಪ್ರಶ್ನೆ. ಇದಕ್ಕೆ ಜೊವಾವ್ ಅವರ ಗಿಟಾರಿನ ಹತ್ತಿರ ಹೋಗಬೇಕು. ಅವರ ಹೆಬ್ಬೆರಳು ಮಂದ್ರದ ತಂತಿಯ ಮೇಲೆ ಒಂದೇ ಸಮನೆ ತಾಳ ಹಾಕುತ್ತಿದ್ದರೆ, ಉಳಿದ ಬೆರಳುಗಳು ಸಾಂಬ ಮೇಳದ ಪುಟ್ಟ ಚರ್ಮವಾದ್ಯವಾದ ತಾಂಬೊರಿಂನ ಪೆಟ್ಟುಗಳನ್ನು ನೆನಪಿಸುವ ಹಾಗೆ ಮೂರು ನಾಲ್ಕು ಸ್ವರಗಳನ್ನು ಒಮ್ಮೆಗೇ ಮೀಟುತ್ತವೆ, ಅದೂ ತಾಳದ ಪೆಟ್ಟಿನ ಮೇಲಲ್ಲ, ಪೆಟ್ಟುಗಳ ನಡುವಿನ ಎಡೆಯಲ್ಲಿ. ದನಿಯಲ್ಲಿ ಕಂಪನವಿಲ್ಲ, ಪಕ್ಕದಲ್ಲಿ ಕುಳಿತವರೊಡನೆ ಮಾತನಾಡಿದಷ್ಟೇ ಏರು. ಹಾಡಿನ ಸಾಲು ಗಿಟಾರಿಗಿಂತ ಒಮ್ಮೆ ತುಸು ಮುಂದೆ ಹೋಗುತ್ತದೆ, ಒಮ್ಮೆ ಬೇಕೆಂದೇ ಹಿಂದುಳಿದು ಮತ್ತೆ ಬಂದು ಕೂಡಿಕೊಳ್ಳುತ್ತದೆ. ಲಯದೊಂದಿಗಿನ ಈ ಆಟವನ್ನು ಸವಿಯಲು ಪದಗಳ ಅರ್ಥ ಗೊತ್ತಿರಲೇಬೇಕೆಂದಿಲ್ಲ. ವಿಳಂಬದ ಖಯಾಲ್ ಕೇಳಿ ಅಭ್ಯಾಸವಿರುವ ನಮ್ಮ ಕಿವಿಗಂತೂ ಇದು ತೀರ ಅಪರಿಚಿತವಲ್ಲ.

ಬೆಬೆಲ್ ತಂದೆಯಿಂದ ಪಡೆದದ್ದು ಈ ಮೆಲುದನಿಯನ್ನು. ಆದರೆ ಅದನ್ನು ಇರಿಸಿದ ಆವರಣ ಬೇರೆ. ‘ತಾಂತು ತೆಂಪು’ ಆಲ್ಬಮ್ಮಿನ ನಿರ್ಮಾಪಕ ಸೂಬ ಯುಗೊಸ್ಲಾವಿಯದಲ್ಲಿ ಹುಟ್ಟಿ ಸಾವೊ ಪಾಲೊದಲ್ಲಿ ನೆಲೆಸಿದವರು. ಕಂಪ್ಯೂಟರಿನಲ್ಲಿ ಕಟ್ಟಿದ ತಾಳ, ನಾದಗಳನ್ನು ಅವರು ಆ ದನಿಯ ಸುತ್ತ ಎಷ್ಟು ಹಗುರವಾಗಿ ಹರಡಿದರೆಂದರೆ ದನಿ ಎಲ್ಲಿಯೂ ಮುಳುಗುವುದಿಲ್ಲ. ಆಲ್ಬಮ್ ಬಿಡುಗಡೆಯಾಗುವ ಮೊದಲೇ, 1999ರ ನವೆಂಬರಿನಲ್ಲಿ, ಅವರು ತಮ್ಮ ಮನೆಗೆ ಬಿದ್ದ ಬೆಂಕಿಯಲ್ಲಿ ತೀರಿಕೊಂಡರು. ಯುರೋಪು, ಅಮೆರಿಕಗಳ ಎಳೆಯ ಕೇಳುಗರು ಬೋಸ ನೋವವನ್ನು ಮತ್ತೆ ಹುಡುಕಿಕೊಂಡು ಬಂದದ್ದರಲ್ಲಿ ಅವರ ಪಾಲು ದೊಡ್ಡದು; ಹಾಗಾಗಿ ಬೆಬೆಲ್ ಕುರಿತು ಬರೆಯುವಾಗ ಅವರ ಹೆಸರನ್ನು ಬಿಡುವುದು ನ್ಯಾಯವಲ್ಲ.

ತಾಯಿ 2018ರ ಡಿಸೆಂಬರಿನಲ್ಲಿ, ತಂದೆ 2019ರ ಜುಲೈನಲ್ಲಿ ತೀರಿಕೊಂಡರು. ತಂದೆ ಹಾಡುತ್ತಿದ್ದ ಹಾಡುಗಳಿಗೇ ಮೀಸಲಾದ ಇಡೀ ಆಲ್ಬಮ್ಮನ್ನು ಬೆಬೆಲ್ ಹೊರತಂದದ್ದು 2023ರಲ್ಲಿ. ಅದರ ಹೆಸರು ‘ಜೊವಾವ್’ ಎಂದಷ್ಟೇ. ನನಗೆ ಅವರ ಕೆಲಸದಲ್ಲೆಲ್ಲ ಹೆಚ್ಚು ಪ್ರಿಯವಾದದ್ದು ಅದು.

ನೀವು ಈಗಷ್ಟೇ ಕೇಳತೊಡಗಿರುವುದರಿಂದ ‘ಸಾಂಬ ಇ ಅಮೋರ್’ ಎಂಬ ಹಾಡನ್ನು ಎರಡು ಕಂಠಗಳಲ್ಲಿ ಕೇಳಿ: ಮೊದಲು ಶಿಕೊ ಅವರ 1970ರ ಆಲ್ಬಮ್ಮಿನಲ್ಲಿ, ಆಮೇಲೆ ‘ತಾಂತು ತೆಂಪು’ವಿನಲ್ಲಿ. ರಾತ್ರಿ ತಡವಾಗುವವರೆಗೆ ಹಾಡಿನಲ್ಲಿಯೂ ಒಲವಿನಲ್ಲಿಯೂ ಕಳೆದವರಿಗೆ ಬೆಳಗಾದರೂ ನಿದ್ದೆ ಬಿಡದು, ಹೊರಗೆ ಊರಿನ ಧಾವಂತ ಕೇಳಿಸುತ್ತಿರುತ್ತದೆ. ಬೆಬೆಲ್ ಹಾಡುವಾಗ ಆ ನಿದ್ದೆಗಣ್ಣು ದನಿಯೊಳಗೇ ಇದೆ.