ಕೇಳಿ, ಹೇಳ್ತೀವಿ: ಗಿಟಾರ್ ಸರಿದರೆ ದನಿಗೆ ಜಾಗ

ಬರೀ ವಾದ್ಯಗಳಲ್ಲೇ ಇದ್ದ, ಕನಸಿನ ಗುಂಗು ಹಿಡಿಸುವ ಸೈಕಡೆಲಿಕ್ ರಾಕ್ ತಂಡಗಳು ಈಗ ಹಾಡುವವರನ್ನು ಸೇರಿಸಿಕೊಳ್ಳಲು ಹೊರಟಿವೆ. ಕಲಬುರಗಿ, ಬೀದರ್, ಯಾದಗಿರಿಯಿಂದ ಬಂದ ಪ್ರಶ್ನೆಗಳಿಗೆ ಈ ಸಲ ಉತ್ತರ.

ಪ್ರಶ್ನೆ: ನಮ್ಮದು ಎರಡು ಗಿಟಾರ್, ಬಾಸ್, ಡ್ರಮ್ಸ್‌ನ ತಂಡ. ಒಂದೊಂದು ರಚನೆ ಎಂಟು-ಒಂಬತ್ತು ನಿಮಿಷ. ಹಿಂದೂಸ್ತಾನಿ ಕಲಿತ ಗಾಯಕಿಯೊಬ್ಬರು ಸೇರಿದ್ದಾರೆ. ನಮ್ಮ ರಿಫ್‌ಗಳೆಲ್ಲ (ಮತ್ತೆ ಮತ್ತೆ ಬರುವ ಗಿಟಾರ್ ತುಣುಕುಗಳು) ‘ಇ’ ಸ್ವರದಲ್ಲಿವೆ, ಅವರ ಶ್ರುತಿ ಕರಿ ನಾಲ್ಕು. ಅವರು ಹಾಡಿದರೆ ಮೇಲೆ ಅಂಟಿಸಿದ ಹಾಗೆ ಕೇಳುತ್ತದೆ. ಎಲ್ಲಿ ತಪ್ಪುತ್ತಿದ್ದೇವೆ?
— ಗಿಟಾರ್ ವಾದಕರು, ಕಲಬುರಗಿ

ಉತ್ತರ: ಅಂಟಿಸಿದ್ದಕ್ಕೇ ಹಾಗೆ ಕೇಳುತ್ತದೆ. ನಿಮ್ಮ ತಂಡದಲ್ಲಿ ಹಾಡುವವರು ಮೊದಲಿಂದಲೂ ಇದ್ದರು, ಅದು ಲೀಡ್ ಗಿಟಾರ್. ಮನಸ್ಸಿನಲ್ಲಿ ಉಳಿಯುವ ಸ್ವರಗುಚ್ಛವನ್ನು ಅದೇ ನುಡಿಸುತ್ತ ಬಂದಿದೆ. ಅದು ನುಡಿಸುತ್ತಲೇ ಇದ್ದು, ಮೇಲೆ ಇನ್ನೊಬ್ಬರು ಹಾಡಿದರೆ ಒಂದೇ ಕುರ್ಚಿಗೆ ಇಬ್ಬರು ಕೂತಂತೆ.

ಮೊದಲು ಶ್ರುತಿ ಸರಿಮಾಡಿ. ಕರಿ ನಾಲ್ಕು ಎಂದರೆ ಹಾರ್ಮೋನಿಯಂನ ನಾಲ್ಕನೆಯ ಕಪ್ಪು ಮನೆ, ಅಂದರೆ ಜಿ ಶಾರ್ಪ್. ಆ ಶ್ರುತಿಯವರಿಗೆ ಕೆಳಗಿನ ‘ಇ’ ಮಂದ್ರದಲ್ಲಿ ಬೀಳುತ್ತದೆ, ದನಿಗೆ ಕಸುವು ಬರುವುದಿಲ್ಲ. ಮೇಲಿನ ‘ಇ’ಯನ್ನು ಷಡ್ಜ ಮಾಡಿಕೊಂಡರೆ ತಾರದಲ್ಲಿ ಏರಲು ಜಾಗವೇ ಉಳಿಯುವುದಿಲ್ಲ. ಗಾಯಕಿಯನ್ನು ಗಿಟಾರಿನ ಶ್ರುತಿಗೆ ಎಳೆಯಬೇಡಿ, ಗಿಟಾರನ್ನೇ ಇಳಿಸಿ. ಆರೂ ತಂತಿಗಳನ್ನು ಅರ್ಧ ಸ್ವರ ಇಳಿಸಿ, ರಿಫ್ ಅನ್ನು ‘ಎ’ ಹಿಡಿತಕ್ಕೆ ಬದಲಿಸಿ. ಆಗ ಐದನೆಯ ತಂತಿ ಬಿಟ್ಟು ಮೀಟಿದರೆ ಅವರ ಷಡ್ಜ, ಆರನೆಯದು ಕೆಳಗಿನ ಪಂಚಮ. ತಂಬೂರಿಯ ಪ-ಸ ಕೈಯಲ್ಲೇ ಬಂತು! ಅರ್ಧ ಸ್ವರಕ್ಕೆ 10–46 ದಪ್ಪದ (ಇಂಚಿನ ಸಾವಿರದಲ್ಲೊಂದು ಭಾಗದ ಲೆಕ್ಕ) ತಂತಿಯೇ ಸಾಕು. ಕರಿ ಒಂದರ ಗಂಡುದನಿಗೆ ‘ಇ’ಯಿಂದ ಮೂರು ಅರ್ಧಸ್ವರ ಇಳಿಯುವುದಾದರೆ ಮಾತ್ರ 11–54ರಷ್ಟು ದಪ್ಪ ತಂತಿ ಬೇಕು, ಇಲ್ಲದಿದ್ದರೆ ತಂತಿ ಸಡಿಲವಾಗಿ ಫ್ರೆಟ್‌ಗೆ ಬಡಿಯುತ್ತದೆ. ದಪ್ಪ ತಂತಿ ಹಾಕಿದ ಮೇಲೆ ಬ್ರಿಡ್ಜ್‌ನಲ್ಲಿ ಇಂಟೊನೇಶನ್ (ಎಲ್ಲ ಫ್ರೆಟ್‌ಗಳಲ್ಲೂ ಸ್ವರ ಸರಿ ಬರುವ ಹೊಂದಾಣಿಕೆ) ಮತ್ತೆ ಸರಿಮಾಡಿ. ಹನ್ನೆರಡನೆಯ ಫ್ರೆಟ್‌ನ ಸ್ವರ ಬೇಸೂರಾದರೆ ಬೇರೆಯವರು ಗಮನಿಸಲಿಕ್ಕಿಲ್ಲ, ಹಿಂದೂಸ್ತಾನಿ ಕಿವಿ ಮಾತ್ರ ಮೊದಲ ನಿಮಿಷದಲ್ಲೇ ಹಿಡಿಯುತ್ತದೆ.

ಆಮೇಲೆ ಜಾಗ ಬಿಡುವ ಕೆಲಸ. ಮಾತು ಸ್ಪಷ್ಟವಾಗಿ ಕೇಳುವುದು ಮುಖ್ಯವಾಗಿ 1ರಿಂದ 4 ಕಿಲೋಹರ್ಟ್ಸ್ ನಡುವೆ. ಗಿಟಾರಿನ ಸದ್ದನ್ನು ಒರಟಾಗಿ ಒಡೆಯುವ ಫಜ್ ಪೆಡಲ್ ತುಂಬಿಸುವುದೂ ಅದನ್ನೇ. ದನಿ ಬಂದಾಗ ಫಜ್ ಹಾಕಿದ ಗಿಟಾರಿನ ವಾಲ್ಯೂಮ್ ಗುಂಡಿಯನ್ನು 10ರಿಂದ 6ಕ್ಕೆ ಇಳಿಸಿ. ಹಳೆಯ ಮಾದರಿಯ ಫಜ್‌ಗಳು ಅಷ್ಟಕ್ಕೇ ತಿಳಿಯಾಗುತ್ತವೆ. ಸಾಲದಿದ್ದರೆ ಆಂಪ್‌ನಲ್ಲಿ ಮಿಡ್ ಇಳಿಸಿ, ಇಲ್ಲವೇ ಮಿಕ್ಸರ್‌ನಲ್ಲಿ 2–3 ಕಿಲೋಹರ್ಟ್ಸ್ ಸುತ್ತ 3 ಡೆಸಿಬಲ್ ಕಡಿಯಿರಿ. ವಾವಾ ಪೆಡಲನ್ನು ಅರ್ಧದಲ್ಲಿ ನಿಲ್ಲಿಸಿ ಬಿಡುವ ಚಾಳಿ ಇದ್ದರೆ ಹಾಡಿನ ಭಾಗದಲ್ಲಿ ಆ ಚಾಳಿಯನ್ನು ಕೈಬಿಡಿ. ದನಿಗೆ ಅದಕ್ಕಿಂತ ದೊಡ್ಡ ಶತ್ರು ಇಲ್ಲ. ಡ್ರಮ್ಮರ್ ಕ್ರ್ಯಾಶ್ ಸಿಂಬಲ್ ಬಿಟ್ಟು ಟಾಮ್‌ಗಳಿಗೆ ಇಳಿಯಲಿ.

ಎಂಟು ನಿಮಿಷದ ರಚನೆಯನ್ನು ಪಲ್ಲವಿ-ಚರಣ ಎಂದು ತುಂಡು ಮಾಡುವ ಅಗತ್ಯವಿಲ್ಲ. ಲೀಡ್ ನುಡಿಸುವ ಸ್ವರಗುಚ್ಛವನ್ನೇ ಎಂಟು ಬಾರ್ (ತಾಳದ ಆವರ್ತ) ದನಿಗೆ ಕೊಡಿ, ಆ ಎಂಟರಲ್ಲಿ ಲೀಡ್ ಸುಮ್ಮನಿರಲಿ. ಮುಂದಿನ ನಾಲ್ಕರಲ್ಲಿ ಅದು ಉತ್ತರ ಕೊಡಲಿ. ಮೊದಲ ತಿಂಗಳು ಪದವೇ ಬೇಡ, ಬರೀ ‘ಆ’ ಎಂದು ಆಕಾರದಲ್ಲಿ ಹಾಡಿಸಿ. ಎಲ್ಲಿ ಇಬ್ಬರೂ ಒಟ್ಟಿಗೆ ಮುಗಿಬೀಳುತ್ತಾರೆಂದು ಪದಗಳ ಗದ್ದಲವಿಲ್ಲದೆ ಗೊತ್ತಾಗುತ್ತದೆ. ಕೆಲವು ರಚನೆಗಳು ಆಕಾರದಲ್ಲೇ ಮುಗಿಯಲಿ. ದನಿಯನ್ನು ಮಿಕ್ಸ್‌ನಲ್ಲಿ ಹೂತು ಹಾಕುವುದು ಸೈಕಡೆಲಿಕ್ ಸಂಪ್ರದಾಯವೇ, ಆದರೆ ಹೂಳುವುದಕ್ಕೆಂದು ಸಾಹಿತ್ಯ ಬರೆಸಬೇಡಿ.

ಪ್ರಶ್ನೆ: ಹತ್ತು ಬೈ ಹನ್ನೆರಡು ಫೂಟಿನ ರೂಮಿನ್ಯಾಗ ಪ್ರಾಕ್ಟೀಸ್ ಮಾಡ್ತೀವಿ. ಕೆಳಗ ಶಹಾಬಾದ್ ಪರ್ಸಿ, ಮ್ಯಾಲ ಸ್ಲ್ಯಾಬ್. ಹಾಡೋದು ಕೇಳಂಗಿಲ್ಲ, ಮೈಕ್ ಜಾಸ್ತಿ ಮಾಡಿದ್ರ ಕುಂಯ್ ಅಂತದ. ಕಂಡೆನ್ಸರ್ ಮೈಕ್ ತಗೊಂಡ್ರ ಸರಿ ಆಗ್ತದೇನ್ರಿ?
— ಬಾಸ್ ವಾದಕರು, ಬೀದರ್

ಉತ್ತರ: ಕಂಡೆನ್ಸರ್ ಬೇಡವೇ ಬೇಡ. ಸಣ್ಣ ಕೋಣೆಯಲ್ಲಿ ಅದು ಸಿಂಬಲ್‌ಗಳನ್ನೆಲ್ಲ ನುಂಗಿ ಸ್ಪೀಕರ್‌ಗೆ ಕಕ್ಕುತ್ತದೆ. ಶೂರ್ ಎಸ್‌ಎಂ58 ಬಗೆಯ ಡೈನಮಿಕ್ ಕಾರ್ಡಿಯಾಯ್ಡ್ (ಮುಂದಿನ ಸದ್ದನ್ನೇ ಹೆಚ್ಚು ಹಿಡಿಯುವ) ಮೈಕ್ ಸಾಕು.

ಪರ್ಸಿ, ಸ್ಲ್ಯಾಬ್, ಗಿಲಾವು ಮಾಡಿದ ಗೋಡೆ ಎಲ್ಲವೂ ಸದ್ದನ್ನು ಹೀರದೆ ತಿರುಗಿಸಿ ಹೊಡೆಯುತ್ತವೆ. ಮನೆಯಲ್ಲಿರುವ ಕೌದಿ, ಕಂಬಳಿಗಳೇ ಇದಕ್ಕೆ ಮದ್ದು. ಎರಡು ಪದರ ಮಾಡಿ ಗೋಡೆಯಿಂದ ನಾಲ್ಕು ಇಂಚು ದೂರದಲ್ಲಿ ಹಗ್ಗಕ್ಕೆ ನೇತುಹಾಕಿ. ಗೋಡೆಗೆ ಅಂಟಿಸಿದರೆ ತೀರ ಮೇಲಿನ ಸದ್ದನ್ನಷ್ಟೇ ತಿನ್ನುತ್ತದೆ. ನಾಲ್ಕು ಇಂಚು ಬಿಟ್ಟರೆ ಸುಮಾರು 850 ಹರ್ಟ್ಸ್‌ನಿಂದ ಮೇಲೆ ಚೆನ್ನಾಗಿ ಹೀರುತ್ತದೆ, ದನಿ ಅರ್ಥವಾಗಬೇಕಾದ ಭಾಗ ಅದೇ. ಬಹಳ ಮಂದಿ ಹಾಡುವವರ ಎದುರಿನ ಗೋಡೆಗೆ ಹಾಕುತ್ತಾರೆ. ಮೊದಲು ಹಾಕಬೇಕಾದ್ದು ಹಾಡುವವರ ಬೆನ್ನ ಹಿಂದೆ, ಏಕೆಂದರೆ ಮೈಕಿನ ಮುಖ ನೋಡುತ್ತಿರುವುದು ಆ ಗೋಡೆಯನ್ನು. ಪರ್ಸಿಯ ಮೇಲೆ ಜಮಖಾನೆ ಹಾಸಿ. ಬಾಸ್‌ನ ಗುಂಯ್‌ಗುಟ್ಟುವಿಕೆ ಕೌದಿಗೆ ಬಗ್ಗುವುದಿಲ್ಲ. ಮೂಲೆಗಳಲ್ಲಿ ಹತ್ತಿಯ ಗಾದಿ ಸುತ್ತಿ ನಿಲ್ಲಿಸಿದರೆ ತುಸು ಇಳಿಯುತ್ತದೆ, ಪೂರ್ತಿ ಹೋಗುವುದಿಲ್ಲ.

ಮಾನಿಟರ್ (ಹಾಡುವವರಿಗೆ ತಮ್ಮ ದನಿ ಕೇಳಿಸುವ ಸ್ಪೀಕರ್) ಎಲ್ಲಿಡುತ್ತೀರಿ ಎಂಬುದು ಮೈಕಿನ ಮೇಲೆ ನಿಂತಿದೆ. ಕಾರ್ಡಿಯಾಯ್ಡ್ ಮೈಕ್‌ಗೆ ಕಿವುಡು ಇರುವುದು ನೇರ ಹಿಂಭಾಗದಲ್ಲಿ, ಸ್ಪೀಕರ್ ಅಲ್ಲಿಡಿ. ಸೂಪರ್‌ಕಾರ್ಡಿಯಾಯ್ಡ್‌ಗೆ ಕಿವುಡು ಹಿಂದಿನ ಎರಡು ಓರೆಗಳಲ್ಲಿ, ನೇರ ಹಿಂದೆ ಇಟ್ಟರೆ ಕೂಗುತ್ತದೆ. ಮೈಕಿನ ಜಾಲರಿಯನ್ನು ಅಂಗೈಯಲ್ಲಿ ಮುಚ್ಚಿ ಹಿಡಿಯುವವರಿದ್ದರೆ ಬಿಡಿಸಿ; ಹಾಗೆ ಮುಚ್ಚಿದರೆ ಅದರ ದಿಕ್ಕಿನ ಗುಣವೇ ಹೋಗುತ್ತದೆ. ಬಾಯಿ ಮೈಕಿನಿಂದ ಒಂದು ಇಂಚು ದೂರವಿರಲಿ. ನಾಲ್ಕು ಇಂಚಾದರೆ 12 ಡೆಸಿಬಲ್ ಹೋಯಿತು, ಅಷ್ಟನ್ನು ಮಿಕ್ಸರ್‌ನಲ್ಲಿ ಏರಿಸುವುದೆಂದರೆ ಕೂಗನ್ನು ಕರೆದಂತೆ.

ಗಿಟಾರ್ ಆಂಪ್ ಹಾಡುವವರ ಹಿಂದಿದ್ದರೆ ಪಕ್ಕಕ್ಕೆ ಸರಿಸಿ, ಕುರ್ಚಿಯ ಮೇಲೆ ಓರೆಯಾಗಿಡಿ. ನೆಲದ ಮೇಲಿದ್ದಾಗ ಸದ್ದು ಗಿಟಾರಿಸ್ಟ್‌ನ ಮೊಣಕಾಲಿಗೆ ಕೇಳುತ್ತದೆ, ಕಿವಿಗೆ ಕೇಳದ್ದರಿಂದ ಅವನು ಏರಿಸುತ್ತ ಹೋಗುತ್ತಾನೆ. ಇಷ್ಟೆಲ್ಲ ಆದಮೇಲೆ ಈಕ್ಯೂ, ಅಂದರೆ ಸದ್ದಿನ ಒಂದೊಂದು ಪಟ್ಟಿಯನ್ನು (ಬ್ಯಾಂಡ್) ಬೇರೆಬೇರೆಯಾಗಿ ಏರಿಳಿಸುವ ಗುಂಡಿಗಳು. ವಾಲ್ಯೂಮ್ ನಿಧಾನ ಏರಿಸಿ, ಮೊದಲು ಕೂಗುವ ಬ್ಯಾಂಡನ್ನು 3 ಡೆಸಿಬಲ್ ಇಳಿಸಿ. ‘ಊ’ ಎಂದು ಕೂಗಿದರೆ 250–500 ಹರ್ಟ್ಸ್ ಸುತ್ತ ಹುಡುಕಿ, ‘ಈ’ ಎಂದರೆ 2 ಕಿಲೋಹರ್ಟ್ಸ್‌ನಿಂದ ಮೇಲೆ. ನಾಲ್ಕೈದು ಬ್ಯಾಂಡ್ ಕಡಿದ ಮೇಲೂ ಕೂಗಿದರೆ ತಪ್ಪು ಈಕ್ಯೂನಲ್ಲಿಲ್ಲ, ಡ್ರಮ್ಸ್‌ನಲ್ಲಿದೆ. ಡ್ರಮ್ಮರ್‌ಗೆ ತೆಳು ಕೋಲು ಕೊಡಿ.

ಪ್ರಶ್ನೆ: ದನಿಯನ್ನು ಗಿಟಾರಿನ ಡಿಲೇ (ಪ್ರತಿಧ್ವನಿ), ರೋಟರಿ ಪೆಡಲ್‌ಗಳ ಮೂಲಕ ಕಳಿಸಬೇಕೆಂದಿದ್ದೇವೆ. ಮೈಕನ್ನು ನೇರ ಪೆಡಲ್‌ಗೆ ಹಾಕಿದರೆ ಸೊರ್ ಎಂಬ ಸದ್ದೇ ಹೆಚ್ಚು. ಮಾತೂ ಅರ್ಥವಾಗುವುದಿಲ್ಲ.
— ಗಾಯಕರು, ಕಲಬುರಗಿ

ಉತ್ತರ: ಯೋಚನೆ ಒಳ್ಳೆಯದೇ, ಹಳೆಯದೂ ಹೌದು. 1966ರಲ್ಲಿ ಬೀಟಲ್ಸ್ ‘ಟುಮಾರೊ ನೆವರ್ ನೋಸ್’ಗಾಗಿ ಜಾನ್ ಲೆನನ್ ದನಿಯನ್ನು ಆರ್ಗನ್‌ನ ತಿರುಗುವ ಲೆಸ್ಲಿ ಸ್ಪೀಕರ್‌ಗೆ ಹಾಯಿಸಿದ್ದರು. ನಿಮ್ಮ ರೋಟರಿ ಪೆಡಲ್ ಅದರದೇ ನಕಲು.

ಮೈಕಿನಿಂದ ಬರುವುದು ಒಂದೆರಡು ಮಿಲಿವೋಲ್ಟ್‌ನ ಸಂಕೇತ, ಪೆಡಲ್ ಗಿಟಾರಿನಷ್ಟು ಬಲವನ್ನು ನಿರೀಕ್ಷಿಸುತ್ತದೆ. ಹಾಗಾಗಿ ದನಿಗಿಂತ ಪೆಡಲ್‌ನ ಸ್ವಂತ ಸದ್ದೇ ದೊಡ್ಡದಾಗುತ್ತದೆ. ಸರಿಯಾದ ದಾರಿ: ಮೈಕ್ ಮಿಕ್ಸರ್‌ಗೆ, ಮಿಕ್ಸರ್‌ನ ಆಕ್ಸ್ ಸೆಂಡ್‌ನಿಂದ (ದನಿಯ ಒಂದು ಪಾಲನ್ನು ಹೊರಗೆ ಕಳಿಸುವ ದಾರಿ) ಸಂಕೇತವನ್ನು ಪೆಡಲ್‌ಗೆ ಹೊಂದಿಸುವ ರೀಆಂಪ್ ಬಾಕ್ಸ್‌ಗೆ, ಅಲ್ಲಿಂದ ಪೆಡಲ್, ಪೆಡಲ್‌ನಿಂದ ಅದನ್ನು ಮರಳಿ ಮಿಕ್ಸರ್‌ಗೆ ಹೊಂದಿಸುವ ಡಿಐ ಬಾಕ್ಸ್, ಮತ್ತೆ ಮಿಕ್ಸರ್‌ನ ಇನ್ನೊಂದು ಚಾನೆಲ್‌ಗೆ. ರೀಆಂಪ್ ಬಾಕ್ಸ್ ಸಿಗದಿದ್ದರೆ ಆಕ್ಸ್ ಗುಂಡಿಯನ್ನು ಸೊನ್ನೆಯಿಂದ ಮೆಲ್ಲಗೆ ಏರಿಸಿ, ಪೆಡಲ್ ಒಡೆದ ಸದ್ದು ಮಾಡುವ ಮುಂಚೆ ನಿಲ್ಲಿಸಿ. ಪೆಡಲ್‌ನ ಮಿಕ್ಸ್ ಪೂರ್ತಿ ಎಫೆಕ್ಟ್‌ಗೆ ಇರಲಿ, ಒಣ (ಎಫೆಕ್ಟ್ ಇಲ್ಲದ) ದನಿ ಮೊದಲ ಚಾನೆಲ್‌ನಲ್ಲೇ ಇದೆ. ವಾಪಸ್ ಬಂದ ಚಾನೆಲ್‌ನಲ್ಲಿ ಅದೇ ಆಕ್ಸ್ ಗುಂಡಿ ಸೊನ್ನೆಯಲ್ಲಿರಬೇಕು. ತಪ್ಪಿ ತಿರುಗಿದರೆ ಸದ್ದು ಸುತ್ತಿ ಸುತ್ತಿ ಬೆಳೆದು ಸ್ಪೀಕರ್‌ಗೇ ಕುತ್ತು.

ಮಾತು ಕಲಸಿಹೋಗಲು ಕಾರಣ, ಡಿಲೇ ಇಡೀ ಸಾಲಿನ ಮೇಲೆ ಬೀಳುವುದು. ಕನ್ನಡದ ಪದಗಳು ಹೆಚ್ಚಾಗಿ ಸ್ವರಾಕ್ಷರದಲ್ಲಿ ಮುಗಿಯುವುದರಿಂದ ಸಾಲಿನ ಕೊನೆಯ ಪದ ಪ್ರತಿಧ್ವನಿಗೆ ಹೇಳಿ ಮಾಡಿಸಿದಂತಿದೆ. ನಡುವಿನ ‘ಟ್ಟ’, ‘ಚ್ಚ’ಗಳು ಮರುಕಳಿಸಿದರೆ ಮಾತ್ರ ಹುರಿಗಡಲೆ ಸಿಡಿದಂತೆ. ಆಕ್ಸ್ ಗುಂಡಿಯನ್ನು ಕೊನೆಯ ಪದಕ್ಕಷ್ಟೇ ಏರಿಸಿ ಇಳಿಸಿ. ಡಿಲೇಯ ಹೊತ್ತಿನ ಲೆಕ್ಕಕ್ಕೆ 60,000ವನ್ನು ಲಯದ ವೇಗದಿಂದ (ನಿಮಿಷಕ್ಕೆ ಎಷ್ಟು ಬೀಟ್) ಭಾಗಿಸಿ. ವೇಗ 90 ಇದ್ದರೆ ಒಂದು ಬೀಟ್‌ಗೆ 667 ಮಿಲಿಸೆಕೆಂಡ್, ಅರ್ಧಕ್ಕೆ 333, ಮುಕ್ಕಾಲಿಗೆ 500. ವಾಪಸ್ ಚಾನೆಲ್‌ನಲ್ಲಿ 300 ಹರ್ಟ್ಸ್ ಕೆಳಗೂ 4 ಕಿಲೋಹರ್ಟ್ಸ್ ಮೇಲೂ ಕಡಿದರೆ ಪ್ರತಿಧ್ವನಿ ದನಿಯ ಹಿಂದೆ ನಿಲ್ಲುತ್ತದೆ.

ಇನ್ನೊಂದು ಮಾತು. ಬಾಡಿಗೆ ಸೌಂಡ್‌ನವರು ಎಷ್ಟೋ ಕಡೆ ಮಿಕ್ಸರ್‌ನ ಎಕೊ ಗುಂಡಿಯನ್ನು ಅರ್ಧ ತಿರುಗಿಸಿಯೇ ಇಟ್ಟಿರುತ್ತಾರೆ. ಭಾಷಣಕ್ಕೂ ಅದೇ, ಭಜನೆಗೂ ಅದೇ. ನಿಮ್ಮ ಡಿಲೇ ಮೇಲೆ ಅದೂ ಬಿದ್ದರೆ ದೇವರೇ ಗತಿ. ಸೌಂಡ್ ಚೆಕ್‌ನಲ್ಲಿ ಮೊದಲು ಅದನ್ನು ಸೊನ್ನೆ ಮಾಡಿಸಿ.

ಪ್ರಶ್ನೆ: ನಮ್ಮ ರಿಫ್ 7/8ರಲ್ಲಿದೆ (ಒಂದು ಬಾರ್‌ಗೆ ಏಳು ಎಂಟನೇ ನೋಟ್). ಇಂಗ್ಲಿಷ್ ಸಾಲು ಹೇಗೋ ಕೂರುತ್ತದೆ, ಕನ್ನಡ ಬರೆದರೆ ಎಡವುತ್ತದೆ.
— ಡ್ರಮ್ಮರ್, ಯಾದಗಿರಿ

ಉತ್ತರ: ಏಳರ ಲಯ ಕನ್ನಡಕ್ಕೆ ಹೊಸದಲ್ಲ. ಭಾಮಿನಿ ಷಟ್ಪದಿಯ ನಡೆಯೇ 3+4, ಅದರ ಚಿಕ್ಕ ಸಾಲು 14 ಮಾತ್ರೆ. ಅಂದರೆ ನಿಮ್ಮ ಎರಡು ಬಾರ್. ಹ್ರಸ್ವಕ್ಕೆ ಒಂದು ಮಾತ್ರೆ, ದೀರ್ಘಕ್ಕೂ ಒತ್ತಕ್ಷರದ ಹಿಂದಿನ ಅಕ್ಷರಕ್ಕೂ ಎರಡು. ಹೀಗೆ:

ಬಿಸಿಲು ಕರಗಿತು ಕಲ್ಲ ಮೈಯಲಿ
ಕೋಟೆ ನೆರಳಲಿ ಗಾಳಿ ಮಲಗಿತು

ಒಂದು ಮಾತ್ರೆಗೆ ಒಂದು ಎಂಟನೇ ನೋಟ್ ಇಟ್ಟು ಹೇಳಿ ನೋಡಿ, ಕೂರುತ್ತದೆ. ಕಿಕ್ ಡ್ರಮ್ಮಿನ ಪೆಟ್ಟು ಬೀಳುವುದು ‘ಬಿ’, ‘ಕ’, ‘ಕ’, ‘ಮೈ’ ಮೇಲೆ. ನಿಮ್ಮ ರಿಫ್‌ನ ಪೆಟ್ಟು 4+3 ಇದ್ದರೆ ಪದಗಳನ್ನೂ ತಿರುಗಿಸಿ: ‘ಕರಗಿತು ಬಿಸಿಲು’. 3+4ಕ್ಕೆ ಬರೆದ ಸಾಲನ್ನು 4+3ರ ಮೇಲೆ ಹಾಡಿದಾಗ ಆಗುವುದೇ ನೀವು ಹೇಳುವ ಎಡವಟ್ಟು. ರಿಫ್ 5/8 ಆದರೆ ವಾರ್ಧಕ ಷಟ್ಪದಿಯ ಐದೈದು ಮಾತ್ರೆಯ ಗಣ ಹಿಡಿಯಿರಿ.

ಎಳೆಯುವುದಿದ್ದರೆ ದೀರ್ಘವನ್ನೇ ಎಳೆಯಿರಿ. ‘ನಡು’ವನ್ನು ಎಳೆದರೆ ‘ನಾಡು’, ‘ಬಳೆ’ ಎಳೆದರೆ ‘ಬಾಳೆ’! ತಾರದಲ್ಲಿ ನಿಲ್ಲುವ ಸ್ವರಕ್ಕೆ ‘ಆ’, ‘ಓ’ ಇರಲಿ; ‘ಇ’ಯಲ್ಲಿ ಗಂಟಲು ಬಿಗಿಯುತ್ತದೆ.

ಪ್ರಶ್ನೆ: ಕಡಕೋಳ ಮಡಿವಾಳಪ್ಪನವರ ತತ್ವಪದ ಹಾಡಬಹುದೇ? ಹಕ್ಕಿನ ತೊಂದರೆ ಬರುತ್ತದೆಯೇ?
— ಗಾಯಕರು, ಜೇವರ್ಗಿ

ಉತ್ತರ: ಪದಕ್ಕೆ ತೊಂದರೆಯಿಲ್ಲ. ನಮ್ಮ ದೇಶದಲ್ಲಿ ಸಾಹಿತ್ಯದ ಹಕ್ಕು ಬರೆದವರು ತೀರಿದ ನಂತರ 60 ವರ್ಷ, ಅದು ಎಂದೋ ಮುಗಿದಿದೆ. ಈಚಿನವರು ಕೂಡಿಸಿದ ಧಾಟಿ ಮತ್ತು ಧ್ವನಿಮುದ್ರಣಕ್ಕೆ ಬೇರೆ ಹಕ್ಕು ಇರುತ್ತದೆ. ಅದನ್ನು ಎತ್ತಿಕೊಳ್ಳದೆ ನಿಮ್ಮದೇ ಧಾಟಿ ಹಾಕಿ. ನವೋದಯದವರ ಪದ್ಯಗಳಿಗೆ ಲೆಕ್ಕ ಹಾಕಿ ನೋಡಿ: 1981ರಲ್ಲಿ ತೀರಿಕೊಂಡ ಬೇಂದ್ರೆಯವರ ಸಾಹಿತ್ಯದ ಹಕ್ಕು 2041ರ ಕೊನೆಯವರೆಗೆ ಇದೆ. ತತ್ವಪದಕ್ಕೆ ಏಕತಾರಿಯ ಒಂದೇ ಸ್ವರ ಸಾಕು, ಮೂರು-ನಾಲ್ಕು ಗಿಟಾರ್ ಕಾರ್ಡ್ ಹಾಕಿದರೆ ಅದು ಭಾವಗೀತೆಯಾಗಿಬಿಡುತ್ತದೆ. ಬಾಸ್ ಷಡ್ಜದಲ್ಲೇ ನಿಲ್ಲಲಿ. ಅಂಕಿತವನ್ನು ಕೈಬಿಡಬೇಡಿ.

ಪ್ರಶ್ನೆ: ಬೇಸಿಗೆಯಲ್ಲಿ ಕೂಲರ್ ಹಚ್ಚಿ ಹಾಡಿದರೆ ಏನಾದರೂ ಆಗುತ್ತದೆಯೇ?
— ಗಾಯಕಿ, ಶಹಾಪುರ

ಉತ್ತರ: ಗಂಟಲಿಗಿಂತ ಮೈಕಿಗೆ ತೊಂದರೆ. ಕೂಲರ್ ಗಾಳಿ ನೇರ ಬಡಿದರೆ ಗುಡುಗುಡು ಎನ್ನುತ್ತದೆ, ಮಿಕ್ಸರ್‌ನ 100 ಹರ್ಟ್ಸ್ ಲೋ-ಕಟ್ ಒತ್ತಿ, ಕೂಲರ್ ಅನ್ನು ಓರೆಗೆ ತಿರುಗಿಸಿ. ಒದ್ದೆ ಗಾಳಿಗೆ ಗಿಟಾರ್ ತಂತಿ ತುಕ್ಕು ಹಿಡಿಯುವುದೂ ಬೇಗ. ನೀರನ್ನು ಹಾಡುವಾಗ ಗುಟುಕರಿಸುವುದಕ್ಕಿಂತ ಒಂದೆರಡು ಗಂಟೆ ಮೊದಲಿಂದ ಕುಡಿಯುತ್ತಿರಿ. ನುಂಗಿದ ನೀರು ಧ್ವನಿತಂತುಗಳನ್ನು ಮುಟ್ಟುವುದಿಲ್ಲ, ಮೈಯೊಳಗಿಂದಲೇ ಅಲ್ಲಿಗೆ ತೇವ ತಲುಪಬೇಕು.