ಎರಡೂ ಕಡೆ 1250, ಆದರೂ ‘ಫಾಲ್ಸ್’

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಸಹಕಾರ ಸಂಘವೊಂದರಲ್ಲಿ ಲೆಕ್ಕ ನೋಡಿಕೊಳ್ಳುವ, ಮೂವತ್ತರ ಆಸುಪಾಸಿನ ಮಹಿಳೆ. ಮಾರ್ಚ್ ಕೊನೆಯಲ್ಲಿ ಗಂಡನೇ ನನ್ನ ಬಳಿ ಆಪ್ತಸಮಾಲೋಚನೆಗೆ ಕರೆದುಕೊಂಡು ಬಂದರು. “ರಾತ್ರಿ ಒಂದಾದ್ರೂ ಲ್ಯಾಪ್‌ಟಾಪ್ ಮುಚ್ಚಲ್ಲ ಮೇಡಂ, ಊಟಾನೂ ಅಷ್ಟಕ್ಕಷ್ಟೆ” ಎಂದರು.

ಬ್ಯಾಂಕ್ ಸ್ಟೇಟ್‌ಮೆಂಟ್ ಮತ್ತು ಸಂಘದ ಲೆಡ್ಜರನ್ನು ಎಕ್ಸೆಲ್‌ನಲ್ಲಿ ತಾಳೆ ನೋಡುವುದು ಆಕೆಯ ಕೆಲಸ. ಕಣ್ಣಿಗೆ ಒಂದೇ ಆಗಿ ಕಾಣುವ ಮೊತ್ತಗಳ ನಡುವೆ ಸಮಚಿಹ್ನೆ ಹಾಕಿದರೆ ‘ಫಾಲ್ಸ್’, ಅಂದರೆ ಎರಡೂ ಒಂದೇ ಅಲ್ಲ ಎಂದು ಬರುತ್ತಿತ್ತು. ಮೇಲಧಿಕಾರಿ ಎಲ್ಲರೆದುರು “ಇಷ್ಟೂ ಬರಲ್ವಾ?” ಎಂದಿದ್ದರು. ಅಂದಿನಿಂದ ತನ್ನ ತಲೆಗೇ ಏನೋ ಆಗಿದೆ ಎಂಬ ಭಯ.

ಇಂಥವರಿಗೆ ಬರೀ ಧೈರ್ಯ ಹೇಳಿ ಕಳುಹಿಸುವುದು ನನಗೆ ಒಪ್ಪಿಗೆಯಿಲ್ಲ. ಸದಸ್ಯರ ಹೆಸರು, ಖಾತೆ ಸಂಖ್ಯೆ ಅಳಿಸಿದ ಪ್ರತಿಯೊಂದನ್ನು ತರಲು ಹೇಳಿದೆ.

ಲೆಡ್ಜರಿನ 1250 ಸೆಲ್‌ನ ಬಲಕ್ಕೆ ಅಂಟಿತ್ತು, ಬ್ಯಾಂಕಿನದು ಎಡಕ್ಕೆ. ಎಡಕ್ಕಿದ್ದರೆ ಎಕ್ಸೆಲ್ ಅದನ್ನು ಅಂಕಿಯೆಂದಲ್ಲ, ಪಠ್ಯವೆಂದು ಓದುತ್ತಿರುವ ಸಾಧ್ಯತೆ ಹೆಚ್ಚು. ಸೆಲ್‌ನಲ್ಲಿ ಎಷ್ಟು ಅಕ್ಷರಗಳಿವೆ ಎಂದು ಎಣಿಸುವ ‘ಲೆನ್’ ಸೂತ್ರ ಹಾಕಿಸಿದೆ: 5. ನಾಲ್ಕು ಅಂಕಿ, ಕೊನೆಗೊಂದು ಕಾಣದ ಖಾಲಿ ಜಾಗ. ಹೆಚ್ಚುವರಿ ಖಾಲಿ ಜಾಗ ತೆಗೆಯುವ ‘ಟ್ರಿಮ್’ ಹಾಕಿದರೂ 5. ವೆಬ್‌ನಿಂದ ಇಳಿಸಿದ ಪಟ್ಟಿಗಳಲ್ಲಿ ಸೇರಿಕೊಳ್ಳುವ, 160ನೇ ಸಂಕೇತದ ಖಾಲಿ ಜಾಗವನ್ನು ಟ್ರಿಮ್ ಮುಟ್ಟುವುದಿಲ್ಲ. ಒಂದು ಅಕ್ಷರದ ಬದಲು ಇನ್ನೊಂದನ್ನು ಹಾಕುವ ‘ಸಬ್‌ಸ್ಟಿಟ್ಯೂಟ್’ನಿಂದ ಅದನ್ನು ತೆಗೆದು, ‘ವ್ಯಾಲ್ಯೂ’ನಿಂದ ಅಂಕಿ ಮಾಡಿದ ಮೇಲೆ ‘ಟ್ರೂ’ ಬಂತು. ಆಕೆ ಬಹಳ ಹೊತ್ತು ಅತ್ತರು. ನಾನು ತಡೆಯಲಿಲ್ಲ.

ಬಡ್ಡಿಯ ಪೈಸೆಗಳಲ್ಲೂ ಇದೇ ಗೋಳಿತ್ತು. 43.1ರಲ್ಲಿ 43.2 ಕಳೆದು 1 ಕೂಡಿಸಿದರೆ ನಮಗೆ 0.9, ದ್ವಿಮಾನದಲ್ಲಿ (0, 1 ಎಂಬ ಎರಡೇ ಅಂಕಿಗಳಲ್ಲಿ) ಲೆಕ್ಕ ಹಾಕುವ ಎಕ್ಸೆಲ್‌ಗೆ 0.899999999999999. ಎರಡೂ ಕಡೆ ‘ರೌಂಡ್’ ಹಾಕಿ ಎರಡು ದಶಮಾಂಶಕ್ಕೆ ತಂದೇ ಹೋಲಿಸಿ ಎಂದೆ. ಇನ್ನೊಂದು ಪಟ್ಟಿಯಲ್ಲಿ ಹುಡುಕಿ ತರುವ ‘ವಿಲುಕಪ್’ ಸೂತ್ರದ ಕೊನೆಯಲ್ಲಿ ‘ಫಾಲ್ಸ್’ ಬರೆಯುವುದನ್ನು ಮರೆಯಬೇಡಿ, ಇಲ್ಲದಿದ್ದರೆ ಸರಿಯಾಗಿ ಹೊಂದದ, ಹತ್ತಿರದ ಮೌಲ್ಯವನ್ನೇ ತಂದುಕೊಟ್ಟೀತು ಎಂದೂ ಹೇಳಿದೆ.

ಸೂತ್ರ ಸರಿಯಾದ ಮಾತ್ರಕ್ಕೆ ಮನಸ್ಸು ಸರಿಹೋಗುವುದಿಲ್ಲ. ಅದಕ್ಕೇ ಆಕೆಗೆ ಹೀಗೆ ಹೇಳಿದೆ: ಎರಡು ಮೊತ್ತಗಳ ವ್ಯತ್ಯಾಸದ ಕಾಲಂ ಒಂದೇ ಸಲ ನೋಡಿ, ಸೊನ್ನೆಯಲ್ಲದ ಸಾಲುಗಳನ್ನಷ್ಟೇ ಬಿಡಿಸಿ, ಸೇವ್ ಮಾಡಿ ಮುಚ್ಚಬೇಕು. ಮತ್ತೆ ತೆರೆಯಬೇಕೆನಿಸಿದರೆ ಹತ್ತು ನಿಮಿಷ ತಡೆಯಬೇಕು. ಸಂಘದ ಫೈಲು ಮನೆಗೆ ಬರಬಾರದು. ಆ 5 ಬಂದ ಸಾಲನ್ನು ಮೇಲಧಿಕಾರಿಗೆ ಅವರ ಕೋಣೆಯಲ್ಲೇ ತೋರಿಸಿ, ಎಲ್ಲರೆದುರು ಹಾಗೆ ಅನ್ನಬೇಡಿ ಎಂದು ಕೇಳಿಕೊಳ್ಳಬೇಕು. ಗಂಡನಿಗೆ ಹೇಳಿದ್ದು ಇಷ್ಟೇ: “ಇಷ್ಟಕ್ಕೆಲ್ಲ ಯಾಕೆ ತಲೆ ಕೆಡಿಸ್ಕೋತೀಯ ಅನ್ನಬೇಡಿ, ರಾತ್ರಿ ಊಟಕ್ಕೆ ಜೊತೆಗೆ ಕೂತ್ಕೊಳ್ಳಿ.”

ಈಗ ನಿದ್ದೆ ಬರುತ್ತಿದೆ. ಮತ್ತೆ ಮತ್ತೆ ತಾಳೆ ನೋಡುವುದು ಪೂರ್ತಿ ನಿಂತಿಲ್ಲ. ಜೂನ್‌ವರೆಗೆ ಕಡಿಮೆಯಾಗದಿದ್ದರೆ ಮನೋವೈದ್ಯರನ್ನು ಕಾಣಬೇಕೆಂದು ಇಬ್ಬರಿಗೂ ತಿಳಿಸಿದ್ದೇನೆ.